ಅತ್ತಿಗೆಗೆ ಒಪ್ಪಿಸಿದ ಪಾಠಗಳು

ಅಮ್ಮನಿಗೆ ಅಕ್ಷರ ಗೊತ್ತಿರಲಿಲ್ಲ. ನಾನು ಓದುತ್ತಿದ್ದೇನೋ ಇಲ್ಲವೋ ಎಂಬುದನ್ನು ಅವಳು ಕಿವಿಯಿಂದಲೇ ತಿಳಿದುಕೊಳ್ಳುತ್ತಿದ್ದಳು. ಜಗಲಿಯ ಮೇಲಿಂದ ನನ್ನ ದನಿ ಕೇಳಿಸುತ್ತಿದ್ದರೆ ಮಗಳು ಓದುತ್ತಿದ್ದಾಳೆ ಎಂದು ಅರ್ಥ. ದನಿ ನಿಂತಿತೋ, ಓದು ಮುಗಿಯಿತು ಎಂದು ಅರ್ಥ. ತಕ್ಷಣ ಒಳಗಿನಿಂದ ಕೂಗು ಬರುತ್ತಿತ್ತು: "ಓದಾಯ್ತಲ್ಲ, ಬಾ ಇಲ್ಲಿ, ಸೊಪ್ಪು ಬಿಡಿಸು."

ಹಾಗಾಗಿ ನಾನು ದನಿ ನಿಲ್ಲಿಸುತ್ತಿರಲಿಲ್ಲ. "ಬೇರುಗಳು ನೆಲದಿಂದ ನೀರನ್ನು ಹೀರಿಕೊಳ್ಳುತ್ತವೆ, ಬೇರುಗಳು ನೆಲದಿಂದ ನೀರನ್ನು ಹೀರಿಕೊಳ್ಳುತ್ತವೆ" ಎಂದು ಒಂದೇ ಸಾಲನ್ನು ಹೊತ್ತು ಮುಳುಗುವ ತನಕ ರಾಗವಾಗಿ ಹೇಳುತ್ತ, ಕಣ್ಣನ್ನು ಮಾತ್ರ ರಸ್ತೆಯ ಮೇಲೆ ಇಟ್ಟಿರುತ್ತಿದ್ದೆ. ಹಿತ್ತಲಲ್ಲಿ ಎಮ್ಮೆಗೆ ನೀರು ಇಡುತ್ತಿದ್ದ ಅಮ್ಮನಿಗೆ ಅದು ಸಂತೋಷ. ಪಕ್ಕದ ಮನೆಯವರಿಗೆ ಕೇಳಿಸುವ ಹಾಗೆ ಓದುವ ಮಗಳು ಊರಲ್ಲಿ ಇನ್ಯಾರಿಗೂ ಇರಲಿಲ್ಲ.

ನಾನು ಹೇಳುತ್ತಿರುವುದು ಅರವತ್ತರ ದಶಕದ ಮಾತು. ನಮ್ಮೂರು ಚಿಕ್ಕಲಸಂದ್ರ ಆಗಿನ್ನೂ ಹಳ್ಳಿ. ಸುತ್ತ ರಾಗಿ ಹೊಲ, ಅವರೆ ಸಾಲು, ಸೊಪ್ಪಿನ ಮಡಿ. ಅಪ್ಪ ನಾನು ಚಿಕ್ಕವಳಿದ್ದಾಗಲೇ ತೀರಿಹೋಗಿದ್ದರು. ಅಣ್ಣ ನಾಲ್ಕನೇ ಕ್ಲಾಸಿಗೆ ಓದು ಬಿಟ್ಟು ಹೊಲ ನೋಡಿಕೊಂಡ. ಬೆಳಗ್ಗೆ ಸೊಪ್ಪು, ತರಕಾರಿಯನ್ನು ಗಾಡಿಗೆ ಏರಿಸಿ ಗಾಂಧಿಬಜಾರಿಗೆ ಕೊಂಡೊಯ್ಯುತ್ತಿದ್ದ. ತಾನು ಓದದಿದ್ದರೂ ನನ್ನನ್ನು ಜಯನಗರದ ಹೈಸ್ಕೂಲಿಗೆ ಸೇರಿಸಿದವನು ಅವನೇ. ಊರಿನಿಂದ ಹೈಸ್ಕೂಲಿಗೆ ಹೋದ ಹುಡುಗಿಯರಲ್ಲಿ ನಾನೇ ಮೊದಲು. ಹೊಲದ ಬದುಗಳ ಮೇಲೆ ನಡೆದು ಕದಿರೇನಹಳ್ಳಿ ದಾಟಿ, ಬನಶಂಕರಿ ಗುಡಿಯ ಮುಂದೆ ಹಾದು, ಹೊಸ ಬಡಾವಣೆಯ ಅಗಲ ರಸ್ತೆಗಳನ್ನು ಸೇರುವ ಹೊತ್ತಿಗೆ ನನ್ನ ಲಂಗದ ಅಂಚಿನಲ್ಲೆಲ್ಲ ಹುಲ್ಲಿನ ಮುಳ್ಳು ಅಂಟಿರುತ್ತಿತ್ತು. ಅಲ್ಲಿನ ಹುಡುಗಿಯರ ಮನೆಗಳಲ್ಲಿ ಮೇಜು, ಕುರ್ಚಿ, ಹೋಮ್‌ವರ್ಕ್ ನೋಡುವ ಅಪ್ಪಂದಿರು ಇದ್ದರು. ನನಗೆ ಇದ್ದದ್ದು ಜಗಲಿ ಮತ್ತು ಗಂಟಲು.

ಎಂಟನೇ ಕ್ಲಾಸಿನ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ವಿಜ್ಞಾನ, ಲೆಕ್ಕ ಎರಡರಲ್ಲೂ ಫೇಲಾದೆ. ಎರಡನ್ನೂ ಕಲಿಸುತ್ತಿದ್ದವರು ಒಬ್ಬರೇ ಟೀಚರು. ತೆಳ್ಳಗೆ ಎತ್ತರದ ಹೆಂಗಸು, ಯಾವಾಗಲೂ ಹತ್ತಿ ಸೀರೆ. ಗದರಿಸುವುದಕ್ಕೂ ದನಿ ಏರಿಸುತ್ತಿರಲಿಲ್ಲ. ಕ್ಲಾಸು ಮುಗಿದ ಮೇಲೆ ನನ್ನನ್ನು ನಿಲ್ಲಿಸಿಕೊಂಡು, "ಬೇರಿನ ಪಾಠ ಹೇಳು" ಎಂದರು. ನಾನು ರಾಗವಾಗಿ ಶುರುಮಾಡಿದೆ. ಅವರು ಕೈಯೆತ್ತಿ ತಡೆದರು.

"ಪುಸ್ತಕದಲ್ಲಿರೋದು ಬೇಡ. ನಿಮ್ಮನೇಲಿ ಗಿಡ ಇದೆಯಲ್ಲ? ಅದು ನೀರು ಕುಡಿಯೋದು ಹೇಗೆ ಅಂತ ಹೇಳು."

ಹುಟ್ಟಿದಾಗಿನಿಂದ ಗಿಡಗಳ ನಡುವೆಯೇ ಬೆಳೆದವಳಿಗೆ ಒಂದು ಮಾತೂ ಹೊರಡಲಿಲ್ಲ.

"ಒಂದು ಕೆಲಸ ಮಾಡು. ಇವತ್ತಿನಿಂದ ಏನು ಓದಿದರೂ ಅದನ್ನ ಮನೇಲಿ ಯಾರಿಗಾದ್ರೂ ನಿನ್ನ ಮಾತಲ್ಲಿ ಹೇಳು."

"ನಮ್ಮನೇಲಿ ಯಾರೂ ಓದಿಲ್ಲ ಮೇಡಂ."

"ಒಳ್ಳೇದೇ ಆಯ್ತು. ಅವರಿಗೆ ಅರ್ಥ ಆಗೋ ಹಾಗೆ ಹೇಳು. ಆಗ ನಿನಗೂ ಅರ್ಥ ಆಗತ್ತೆ."

ಅವತ್ತು ಸಂಜೆ ಮೊದಲು ಅಮ್ಮನಿಗೆ ಹೇಳಲು ಕೂತೆ. ರಾಗಿ ಬೀಸುತ್ತಿದ್ದ ಅಮ್ಮ "ಹೂಂ, ಹೂಂ" ಎನ್ನುತ್ತಲೇ ಇದ್ದಳು. ನಾನು ಸುಮ್ಮನಾದ ಮೇಲೂ ಎರಡು ಸಲ "ಹೂಂ" ಎಂದಳು. ಅಣ್ಣನಿಗೆ ಹೇಳೋಣವೆಂದರೆ ಅವನು ಗಾಡಿಯಿಂದ ಇಳಿದು ಉಂಡವನೇ ಮಲಗಿಬಿಡುತ್ತಿದ್ದ. ಉಳಿದವಳು ಅತ್ತಿಗೆ.

ಅತ್ತಿಗೆ ಬಂದು ಆಗಿನ್ನೂ ಆರೇಳು ತಿಂಗಳು. ವಸಂತಪುರದ ಗುಡ್ಡದ ಆಚೆಯ ಒಂದು ಹಳ್ಳಿಯವಳು. ಮದುವೆಯಾದಾಗಿನಿಂದ ಅವಳು ನಮ್ಮ ಮನೆಯಲ್ಲಿ ಆಡಿದ ಮಾತುಗಳೆಂದರೆ "ಸರಿ ಅತ್ತೆ", "ಬಂದೆ ಅತ್ತೆ", ಅಷ್ಟೇ. ನನ್ನನ್ನು ಅಮ್ಮಣ್ಣಿ ಎನ್ನುತ್ತಿದ್ದಳು. ಅವಳು ಹಿತ್ತಲಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ನಾನೂ ಪಕ್ಕದಲ್ಲಿ ಕೂತು ಕಾಯಿ ಸುಲಿಯುತ್ತ, ಬೇರಿನಿಂದ ಶುರುಮಾಡಿ ಮಳೆಯ ಪಾಠಕ್ಕೆ ಬಂದೆ. ಬಿಸಿಲಿಗೆ ಸಮುದ್ರದ ನೀರು ಆವಿಯಾಗಿ ಮೇಲಕ್ಕೆ ಹೋಗುತ್ತದೆ, ಮೋಡವಾಗುತ್ತದೆ, ಮೋಡ ತಣ್ಣಗಾದರೆ ಮಳೆ ಎಂದೆ. ಅತ್ತಿಗೆಯ ಕೈ ನಿಂತಿತು.

"ಅಮ್ಮಣ್ಣಿ, ಸಮುದ್ರದ್ ನೀರು ಉಪ್ಪಲ್ವಾ?"

"ಹೌದು."

"ಮತ್ತೆ ಮಳೆ ನೀರ್ ಯಾಕೆ ಉಪ್ಪಿರಲ್ಲ?"

ನನಗೆ ಗೊತ್ತಿರಲಿಲ್ಲ. ಪುಸ್ತಕ ತೆಗೆದು ನೋಡಿದೆ. ಅದರಲ್ಲೂ ಇರಲಿಲ್ಲ. ಮರುದಿನ ಟೀಚರನ್ನು ಕೇಳಿದಾಗ ಅವರು ಸೀಮೆಸುಣ್ಣ ಕೆಳಗಿಟ್ಟು ನನ್ನನ್ನೇ ನೋಡಿದರು. ಆಮೇಲೆ ಇಡೀ ಕ್ಲಾಸಿಗೆ ಅದನ್ನು ವಿವರಿಸಿದರು: ನೀರು ಮಾತ್ರ ಆವಿಯಾಗುತ್ತದೆ, ಉಪ್ಪು ಕೆಳಗೇ ಉಳಿಯುತ್ತದೆ. ಹೈಸ್ಕೂಲಿಗೆ ಸೇರಿದ ಮೇಲೆ "ಒಳ್ಳೇ ಪ್ರಶ್ನೆ" ಎಂದು ನನಗೆ ಯಾರಾದರೂ ಹೇಳಿದ್ದು ಅದೇ ಮೊದಲು. ಪ್ರಶ್ನೆ ನನ್ನದಲ್ಲ, ನಮ್ಮ ಅತ್ತಿಗೆಯದು ಎಂದೆ. ಅವರು ನಕ್ಕು, "ಹಾಗಾದ್ರೆ ಉತ್ತರಾನೂ ಅವರಿಗೇ ತಲುಪಿಸು" ಎಂದರು.

ಉತ್ತರ ಕೇಳಿ ಅತ್ತಿಗೆ ಸುಮ್ಮನಿರಲಿಲ್ಲ. ಒಲೆಯ ಮೇಲೆ ಸಣ್ಣ ಪಾತ್ರೆಯಲ್ಲಿ ನೀರಿಟ್ಟು, ಉಪ್ಪು ಹಾಕಿ, ಮುಚ್ಚಳ ಮುಚ್ಚಿದಳು. ಕುದಿಯುತ್ತಲೇ ಮುಚ್ಚಳ ತೆಗೆದು ಅದರ ಒಳಬದಿಯ ಹನಿಗಳನ್ನು ಬೆರಳಿನಿಂದ ಒರೆಸಿ ನಾಲಿಗೆಗೆ ಇಟ್ಟುಕೊಂಡಳು. ಕಣ್ಣರಳಿಸಿ, "ಸಪ್ಪೆ!" ಎಂದಳು. ನಾನೂ ನೆಕ್ಕಿದೆ. ಅಷ್ಟರಲ್ಲಿ ಅಮ್ಮ ಬಂದಳು.

"ಏನ್ರೇ ಅದು, ಮುಚ್ಚಳ ನೆಕ್ತಾ ಇದ್ದೀರಿ? ಮನೇಲಿ ಹಿಟ್ಟಿಗೇನು ಗತಿ ಇಲ್ವಾ?"

ಅತ್ತಿಗೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ಅವಳು ನಕ್ಕಿದ್ದನ್ನು ನಾನು ನೋಡಿದ್ದು ಆವತ್ತೇ ಮೊದಲು.

ಆ ಸಂಜೆಯೇ ಅವಳು ತನ್ನ ಊರಿನ ಶಾಲೆಯಲ್ಲಿ ಏಳನೇ ಕ್ಲಾಸು ಪಾಸಾದ ಸಂಗತಿ ಹೇಳಿದ್ದು. ಅವಳೇ ಕ್ಲಾಸಿಗೆ ಮೊದಲು. ಅಲ್ಲಿಗೆ ಮುಗಿಯಿತು. ಹೈಸ್ಕೂಲು ದೂರ, ಜೊತೆಗೆ ಹೋಗುವ ಹುಡುಗಿಯರಿಲ್ಲ, ಮನೆಯಲ್ಲಿ ಕೆಲಸ. "ಅಪ್ಪಂಗೆ ಇಷ್ಟ ಇತ್ತು ಅಮ್ಮಣ್ಣಿ. ಆದ್ರೆ ಕಳಿಸೋಕ್ ಆಗ್ಲಿಲ್ಲ" ಎಂದಳು. ಅದನ್ನು ಹೇಳುವಾಗ ದೂರು ಹೇಳುವ ದನಿ ಇರಲಿಲ್ಲ. ಸೊಪ್ಪು ಈ ಸಲ ಚೆನ್ನಾಗಿ ಬರಲಿಲ್ಲ ಎನ್ನುವ ಹಾಗೆ ಹೇಳಿ, ಎದ್ದು ಹಟ್ಟಿ ಗುಡಿಸಲು ಹೋದಳು.

ಅಲ್ಲಿಂದ ನನ್ನ ಓದಿನ ಜಾಗ ಜಗಲಿಯಿಂದ ಹಿತ್ತಲಿಗೆ ಬದಲಾಯಿತು. ಅತ್ತಿಗೆ ಎಲ್ಲಿ ಕೆಲಸ ಮಾಡುತ್ತಾಳೋ ಅಲ್ಲಿ ಪಾಠ. ಅವಳ ಕೈ ಯಾವಾಗಲೂ ಒದ್ದೆ. ಪುಸ್ತಕ ಮುಟ್ಟಲು ಅವಳು ಒಪ್ಪುತ್ತಿರಲಿಲ್ಲ, ಹಾಗಾಗಿ ಚಿತ್ರಗಳನ್ನು ನಾನೇ ಅವಳ ಕಣ್ಣೆದುರು ಹಿಡಿದು ನಿಲ್ಲಬೇಕಾಗಿತ್ತು. ಪಾತ್ರೆ ಉಜ್ಜುವಾಗ ಚರಿತ್ರೆ. ಹಾಲು ಕರೆಯುವಾಗ ಇಂಗ್ಲಿಷ್ ಪದಗಳ ಸ್ಪೆಲ್ಲಿಂಗು. ಒಂದೊಂದು ಅಕ್ಷರಕ್ಕೆ ಒಂದೊಂದು ಸೆಳೆತ, ಚೊಂಬಿನಲ್ಲಿ ಹಾಲಿನ ಸದ್ದು. ಸಾರಿಸಿದ ನೆಲದ ಮೇಲೆ ಒದ್ದೆ ಬೆರಳಲ್ಲಿ ಇಂಡಿಯಾದ ನಕ್ಷೆ ಬರೆಯುವುದಿತ್ತು. ಬಂಗಾಳದ ಹತ್ತಿರ ಬರುವಷ್ಟರಲ್ಲಿ ಗುಜರಾತು ಆರಿಹೋಗುತ್ತಿತ್ತು. ನದಿಗಳನ್ನಂತೂ ಓಡಿ ಓಡಿ ಬರೆಯಬೇಕಾಗಿತ್ತು.

ರೇಖಾಗಣಿತಕ್ಕೆ ಬಟ್ಟೆ ಒಗೆಯುವ ಕಲ್ಲು. ಇದ್ದಿಲಿನಲ್ಲಿ ತ್ರಿಭುಜ ಬರೆದು ಅದರ ಮೂರು ಕೋನ ಕೂಡಿದರೆ ಎಷ್ಟು ಎಂದು ಸಾಧಿಸುತ್ತಿದ್ದೆವು. ಸಾಲು ಸಾಲಾಗಿ ಹೇಳುತ್ತ ಹೋದರೆ ಅತ್ತಿಗೆ ಒಂದೊಂದು ಸಾಲಿಗೂ "ಯಾಕೆ?" ಎನ್ನುವಳು. ಯಾಕೆ ಎಂದು ಹೇಳಲಾಗದಿದ್ದರೆ ಮುಂದಕ್ಕೆ ಬಿಡುತ್ತಿರಲಿಲ್ಲ. ಒಂದು ಭಾನುವಾರ ಕಲ್ಲು ತೊಳೆಯುವುದು ಮರೆತು ಅಣ್ಣನ ಬಿಳಿ ಪಂಚೆಯನ್ನು ಅದರ ಮೇಲೆ ಹರಡಿ ಸೋಪು ಹಚ್ಚಿದಳು. ಪಂಚೆಯ ಹಿಂಬದಿಯಲ್ಲಿ ಒಂದು ತ್ರಿಭುಜ ಮೂಡಿತು. ಎಷ್ಟು ಉಜ್ಜಿದರೂ ನೆರಳಿನ ಹಾಗೆ ಉಳಿದುಬಿಟ್ಟಿತು. ಅಣ್ಣ ಅದನ್ನೇ ಉಟ್ಟು ಗಾಂಧಿಬಜಾರಿಗೆ ಹೋಗಿ ಬಂದ. "ಯಾರೋ ಒಬ್ರು ಸೊಪ್ಪು ತಗಳ್ಳೋರು, ಏನ್ ಗೌಡ್ರೇ ಪಂಚೆ ಮೇಲೆ ಕೋನ ಐತೆ ಅಂದ್ರು" ಎಂದು ಮಾತ್ರ ಹೇಳಿದ. ಅತ್ತಿಗೆ ಅಡುಗೆಮನೆಯಿಂದ ಹೊರಗೇ ಬರಲಿಲ್ಲ.

ಅಮ್ಮನಿಗೆ ಇದೆಲ್ಲ ರುಚಿಸುತ್ತಿರಲಿಲ್ಲ. ಮೊದಲನೆಯದಾಗಿ ನನ್ನ ಓದಿನ ಸದ್ದು ನಿಂತುಹೋಗಿತ್ತು. ಎರಡನೆಯದಾಗಿ ಸೊಸೆಯ ಕೆಲಸ ನಿಧಾನವಾಗುತ್ತಿತ್ತು. "ನಾನ್ ಸೊಸೆ ತಂದಿದ್ದು ಮನೆಗೋ ಇಸ್ಕೂಲಿಗೋ?" ಎಂದು ಎಮ್ಮೆಯನ್ನು ಕೇಳುವಳು. ಎಮ್ಮೆ ಏನೂ ಹೇಳುತ್ತಿರಲಿಲ್ಲ. ಅತ್ತಿಗೆಯೂ ಏನೂ ಹೇಳುತ್ತಿರಲಿಲ್ಲ, ಕೈ ಮಾತ್ರ ಬೇಗಬೇಗ ಓಡಿಸುತ್ತಿದ್ದಳು. ಆದರೂ ವಾರ್ಷಿಕ ಪರೀಕ್ಷೆಯಲ್ಲಿ ನಾನು ಎಲ್ಲದರಲ್ಲೂ ಪಾಸಾದಾಗ ಅಮ್ಮ ಒಬ್ಬಟ್ಟು ಮಾಡಿ, ಮೊದಲನೆಯದನ್ನು ನನ್ನ ಎಲೆಗೆ ಹಾಕಿ, ಎರಡನೆಯದನ್ನು ಅತ್ತಿಗೆಯ ಎಲೆಗೆ ಹಾಕಿದಳು.

ಹೀಗೇ ಒಂಬತ್ತನೇ ಕ್ಲಾಸೂ ಕಳೆಯಿತು. ಹತ್ತನೇ ಕ್ಲಾಸಿನ ನಡುವೆ ನನಗೆ ಟೈಫಾಯಿಡ್ ಬಂತು. ಆಸ್ಪತ್ರೆಯಿಂದ ಮನೆಗೆ ತಂದಾಗ ನಾನು ಎದ್ದು ಕೂರುವ ಹಾಗಿರಲಿಲ್ಲ. ಕೂದಲು ಉದುರುತ್ತಿತ್ತು, ಗಂಜಿ ಬಿಟ್ಟರೆ ಏನೂ ಸೇರುತ್ತಿರಲಿಲ್ಲ. ಪುಸ್ತಕ ಹಿಡಿದರೆ ಅಕ್ಷರಗಳು ಇರುವೆಗಳ ಹಾಗೆ ಹರಿದಾಡುತ್ತಿದ್ದವು. ಎಸ್‌.ಎಸ್‌.ಎಲ್‌.ಸಿ. ಪರೀಕ್ಷೆ ಮುಂದಿತ್ತು. ಹಗಲೆಲ್ಲ ಹಿತ್ತಲಿನ ಹೊಂಗೆ ಮರದ ಕೆಳಗೆ ಚಾಪೆಯ ಮೇಲೆ ಮಲಗಿ, ಎಲ್ಲ ಮುಗಿಯಿತು ಎಂದು ಅಳುತ್ತಿದ್ದೆ. ಅಮ್ಮ ನನ್ನ ಹಣೆ ಸವರಿ, "ಹೋದ್ರೆ ಹೋಗ್ಲಿ ಬಿಡು ಮಗ, ನೀನ್ ಬದುಕಿದ್ಯಲ್ಲ, ಅಷ್ಟ್ ಸಾಕು" ಎನ್ನುವಳು. ಅವಳು ಒಳ್ಳೆಯ ಮನಸ್ಸಿನಿಂದಲೇ ಹೇಳಿದರೂ ನನ್ನ ಅಳು ಹೆಚ್ಚಾಗುತ್ತಿತ್ತು.

ಒಂದು ದಿನ ಅಣ್ಣ ಗಾಡಿ ಕಟ್ಟುತ್ತಿದ್ದಾಗ ಅತ್ತಿಗೆ ಸೀರೆ ಬದಲಾಯಿಸಿ ಹೊರಗೆ ಬಂದು ನಿಂತಳು. ಅಮ್ಮ ಎಲ್ಲಿಗೆ ಎಂದು ಕೇಳಿದಳು.

"ಅತ್ತೆ, ನಾನು ಟೀಚರಮ್ಮನ್ ಮನೆಗ್ ಹೋಗ್ಬರ್ತೀನಿ. ತಪ್ಪೋದ್ ಪಾಠ ಎಲ್ಲಾ ಕೇಳ್ಕೊಂಡ್ ಬಂದು ಅಮ್ಮಣ್ಣಿಗೆ ಹೇಳ್ತೀನಿ."

ಇಷ್ಟು ಉದ್ದದ ಮಾತನ್ನು ಅವಳು ಅಮ್ಮನ ಎದುರು ಆಡಿದ್ದು ಅದೇ ಮೊದಲು. ಅಮ್ಮ ಅಣ್ಣನ ಮುಖ ನೋಡಿದಳು. ಅಣ್ಣ ಎತ್ತಿನ ಕೊರಳ ಹಗ್ಗವನ್ನು ಸರಿಮಾಡುತ್ತ, "ಬಜಾರಿಂದ ವಾಪಸ್ ಬರೋವಾಗ ಕರ್ಕೊಂಡ್ ಬತ್ತೀನವ್ವ" ಎಂದ. ಆ ವಿಷಯ ಅವರಿಬ್ಬರ ನಡುವೆ ಮೊದಲೇ ಮಾತಾಗಿತ್ತು ಎಂದು ನನಗೆ ಆಗ ಗೊತ್ತಾಯಿತು. ಸೊಪ್ಪಿನ ಕಟ್ಟುಗಳ ನಡುವೆ ಜಾಗ ಮಾಡಿಕೊಂಡು ಅತ್ತಿಗೆ ಗಾಡಿಯಲ್ಲಿ ಕೂತಳು.

ಟೀಚರು ಜಯನಗರದಲ್ಲಿ ಒಂದು ಬಾಡಿಗೆ ಮನೆಯಲ್ಲಿ ಒಬ್ಬರೇ ಇದ್ದರು. ಅವರಿಗೆ ಶಾಲೆಗೆ ಹೊರಡುವ ಮುಂಚೆ ಸ್ವಲ್ಪ ಬಿಡುವು. ಅಣ್ಣ ವಾರಕ್ಕೆ ಎರಡು ಮೂರು ಸಲ ಬೆಳಗ್ಗೆ ಅತ್ತಿಗೆಯನ್ನು ಅಲ್ಲಿ ಇಳಿಸಿ ಬಜಾರಿಗೆ ಹೋಗುತ್ತಿದ್ದ. ಟೀಚರು ಅಡುಗೆ ಮಾಡುತ್ತ, ತಲೆ ಬಾಚಿಕೊಳ್ಳುತ್ತ ಪಾಠ ಹೇಳುವರು. ಅವರು ಶಾಲೆಗೆ ಹೋದ ಮೇಲೆ ಗಾಡಿ ಬರುವ ತನಕ ಅತ್ತಿಗೆ ಅವರ ಮನೆಯ ಮೆಟ್ಟಿಲ ಮೇಲೆ ಕೂತು ಕೇಳಿದ್ದನ್ನೆಲ್ಲ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳಂತೆ. ಮೊದಲ ದಿನ ರಸ್ತೆಯಲ್ಲಿ ಹೋಗುತ್ತಿದ್ದ ಒಬ್ಬ ಅಜ್ಜಿ ನಿಂತು, "ಯಾಕಮ್ಮಾ, ಯಾರ ಮೇಲೆ ಕೋಪ?" ಎಂದು ಕೇಳಿದರಂತೆ.

ಮನೆಗೆ ಬಂದು, ಕೈಕಾಲು ತೊಳೆದು, ಒಲೆಗೆ ಸಾರಿಟ್ಟು, ಅತ್ತಿಗೆ ನನ್ನ ಚಾಪೆಯ ಪಕ್ಕದಲ್ಲಿ ಕೂರುವಳು. ಈಗ ಹೇಳುವವಳು ಅವಳು, "ಯಾಕೆ?" ಎನ್ನುವವಳು ನಾನು. ನಮ್ಮ ಮನೆಗೆ ಇನ್ನೂ ಕರೆಂಟು ಬಂದಿರಲಿಲ್ಲ. ವಿದ್ಯುತ್ತಿನ ಪಾಠ ನನಗೆ ಯಾವತ್ತೂ ತಲೆಗೆ ಹತ್ತಿರಲಿಲ್ಲ. ಅವಳು ಕನಕಾಂಬರದ ಒಂದು ಮಾಲೆ ಹಿಡಿದುಕೊಂಡು ಕೂತಳು.

"ನೋಡು ಅಮ್ಮಣ್ಣಿ, ಇದ್ರ ಎರಡ್ ತುದೀನೂ ಗಂಟ್ ಹಾಕಿದ್ರೆ ಕರೆಂಟು ಹಿಂಗೇ ಸುತ್ತುತಾ ಇರ್ತದೆ. ಒಂದ್ ಕಡೆ ಬಿಚ್ಚಿದ್ರೆ ಮುಗೀತು, ಎಲ್ಲೂ ಓಡಲ್ಲ. ಸ್ವಿಚ್ಚು ಅಂದ್ರೆ ಆ ಗಂಟು. ಟೀಚರಮ್ಮ ನನ್ ಕೈಯಲ್ಲೇ ಸ್ವಿಚ್ ಹಾಕ್ಸಿದ್ರು. ಹಾಕು ಅಂದ್ರು, ಹಾಕ್ದೆ. ತೆಗಿ ಅಂದ್ರು, ತೆಗ್ದೆ. ಆಮೇಲೆ ಅವ್ರು ಒಳಗ್ ಹೋದಾಗ ನಾನೇ ಇನ್ನೊಂದೆರಡ್ ಸಲ ಹಾಕ್ದೆ."

ಹೇಳುವಾಗ ಅವಳ ಮುಖ ಬೇರೆಯದೇ ಆಗಿರುತ್ತಿತ್ತು. ನಡುವೆ ನಾನು ಬಾಯಿ ಹಾಕಿದರೆ, "ಇರು ಅಮ್ಮಣ್ಣಿ, ನಾನ್ ಹೇಳಿ ಮುಗಿಸ್ತೀನಿ" ಎಂದು ನನ್ನ ಮೊಣಕೈ ಒತ್ತುವಳು. ಮೂರು ವರ್ಷ ಮನೆಯಲ್ಲಿ ಸದ್ದಿಲ್ಲದೆ ಓಡಾಡಿದವಳು ಹೊಂಗೆ ಮರದ ಕೆಳಗೆ ಕೈ ಬೀಸಿ ಬೀಸಿ ಮಾತಾಡುವುದನ್ನು ನೋಡುತ್ತಿದ್ದರೆ, ನನಗೆ ಪಾಠಕ್ಕಿಂತ ಅವಳನ್ನೇ ನೋಡಬೇಕೆನಿಸುತ್ತಿತ್ತು. ಅಮ್ಮನೂ ಮೊರ ಹಿಡಿದು ರಾಗಿ ಕೇರುವ ನೆಪದಲ್ಲಿ ಅಲ್ಲೇ ಹತ್ತಿರ ಬಂದು ಕೂರತೊಡಗಿದಳು. ಒಂದು ಸಲ, ಗುಂಡಿಗೆಯ ಪಾಠದ ನಡುವೆ, "ಅದು ಮಲಗಿದ್ದಾಗ್ಲೂ ಬಡ್ಕೋತದಾ?" ಎಂದು ಅಮ್ಮ ಕೇಳಿದಳು. ಅತ್ತಿಗೆ ಅಮ್ಮನ ಕೈ ಹಿಡಿದು ಅಮ್ಮನದೇ ಎದೆಯ ಮೇಲೆ ಇಟ್ಟು, "ಹೂಂ ಅತ್ತೆ, ಒಂದ್ ಗಳಿಗೇನೂ ನಿಲ್ಲಲ್ಲ" ಎಂದಳು. ಅಮ್ಮ ಕೈ ತೆಗೆಯದೆ ಸ್ವಲ್ಪ ಹೊತ್ತು ಹಾಗೇ ಕೂತಿದ್ದಳು.

ಪರೀಕ್ಷೆಯ ಹೊತ್ತಿಗೆ ನಾನು ನಡೆಯುವಷ್ಟಾದೆ. ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಗಾಡಿಯಲ್ಲಿ ಹೋಗಿ ಬರೆದು ಬಂದೆ. ಪ್ರಶ್ನೆಪತ್ರಿಕೆ ಓದುವಾಗ ಉತ್ತರಗಳು ಅತ್ತಿಗೆಯ ದನಿಯಲ್ಲೇ ಕೇಳಿಸುತ್ತಿದ್ದವು. ಸೆಕೆಂಡ್ ಕ್ಲಾಸಿನಲ್ಲಿ ಪಾಸಾದೆ.

ಫಲಿತಾಂಶ ಬಂದ ವಾರ ಟೀಚರು ನಮ್ಮ ಮನೆಗೆ ಬಂದರು. ಬನಶಂಕರಿಯ ತನಕ ಬಸ್ಸಿನಲ್ಲಿ ಬಂದು, ಅಲ್ಲಿಂದ ಬಿಸಿಲಿನಲ್ಲಿ ಕೊಡೆ ಹಿಡಿದು ನಡೆದು ಬಂದಿದ್ದರು. ಅಮ್ಮ ಗಡಿಬಿಡಿಯಲ್ಲಿ ಹೊಸ ಚಾಪೆ ಹಾಸಿದಳು. ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟು ಟೀಚರು ಅಮ್ಮನಿಗೆ ಹೇಳಿದರು:

"ನಿಮ್ಮನೇಲಿ ಇಬ್ಬರು ಓದಿದಾರಮ್ಮ. ಪರೀಕ್ಷೆ ಬರೆದಿರೋದು ಒಬ್ಬಳೇ. ನಿಮ್ಮ ಸೊಸೇನೂ ಪ್ರೈವೇಟಾಗಿ ಕಟ್ಟಿ ಬರೀಬಹುದು. ನಾನು ಎಲ್ಲಾ ಮಾಡಿಸಿಕೊಡ್ತೀನಿ."

ಅತ್ತಿಗೆ ಬಾಗಿಲ ಹಿಂದೆ ನಿಂತಿದ್ದಳು. ಆಗ ಅವಳಿಗೆ ಐದು ತಿಂಗಳು. ಅಮ್ಮ ತನ್ನ ಕೈಯನ್ನೇ ನೋಡಿಕೊಂಡು, "ಬಸುರಿ ಹೆಂಗಸು. ಇನ್ನೇನ್ ಓದು ತಾಯಿ ಅವ್ಳಿಗೆ. ಊರೋರ್ ಏನಂದಾರು" ಎಂದಳು. ಟೀಚರು ಅಣ್ಣನ ಕಡೆ ತಿರುಗಿದರು.

ಅಣ್ಣ ಕಂಬಕ್ಕೆ ಒರಗಿ ನಿಂತಿದ್ದ. ಹೆಗಲ ಟವೆಲನ್ನು ತೆಗೆದು ಮತ್ತೆ ಹಾಕಿಕೊಂಡ. "ನನ್ನೇನ್ ಕೇಳ್ತೀರ ಟೀಚರಮ್ಮ. ಬರೆಯೋಳು ಅವಳು. ಅವಳ್ನೇ ಕೇಳಿ."

ಎಲ್ಲರೂ ಬಾಗಿಲ ಕಡೆ ನೋಡಿದೆವು. ಕೊನೆಗೆ ಒಳಗಿನಿಂದಲೇ, ಸಣ್ಣ ದನಿಯಲ್ಲಿ, "ಬರೀತೀನಿ" ಎಂದಳು.

ಅಮ್ಮ ಎದ್ದು ಹಿತ್ತಲಿಗೆ ಹೋದಳು. ಕೋಪಿಸಿಕೊಂಡಳು ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಒಂದು ಬುಟ್ಟಿ ತುಂಬ ಬದನೆಕಾಯಿ, ಕೊತ್ತಂಬರಿ ಸೊಪ್ಪು ತಂದು ಟೀಚರ ಮುಂದೆ ಇಟ್ಟಳು. "ತಗಂಡ್ ಹೋಗಿ ತಾಯಿ. ಅಷ್ಟ್ ದೂರ ನಡ್ಕೊಂಡ್ ಬಂದಿದೀರ."

ನಾನು ಪಿ.ಯು.ಸಿ.ಗೆ ಸೇರಿದೆ. ಅತ್ತಿಗೆಗೆ ಗಂಡುಮಗು ಆಯಿತು. ಬಾಣಂತನ ಮುಗಿಸಿ ತವರಿನಿಂದ ಬಂದ ಮೇಲೆ ಅವಳ ಓದು ಮತ್ತೆ ಶುರುವಾಯಿತು. ಇಂಗ್ಲಿಷು, ಹಿಂದಿ ನಾನು ಹೇಳಿಕೊಡುತ್ತಿದ್ದೆ. ಲೆಕ್ಕಕ್ಕೆ ಟೀಚರು. ಮಗುವನ್ನು ಕಾಲ ಮೇಲೆ ಮಲಗಿಸಿ ಎಣ್ಣೆ ಹಚ್ಚುತ್ತ ಅವಳು ಹಿಂದಿ ಕ್ರಿಯಾಪದಗಳನ್ನು ಹೇಳಿಕೊಳ್ಳುವಳು. ಮಗು ಅದನ್ನೇ ಜೋಗುಳ ಎಂದುಕೊಂಡು ನಿದ್ದೆ ಮಾಡುತ್ತಿತ್ತು. ಈಗ ಅವಳು ಪುಸ್ತಕವನ್ನು ಕೈಯಲ್ಲೇ ಹಿಡಿಯುತ್ತಿದ್ದಳು, ಸೆರಗಿನಿಂದ ಕೈಯನ್ನು ಚೆನ್ನಾಗಿ ಒರೆಸಿಕೊಂಡು.

ಪರೀಕ್ಷೆ ಹತ್ತಿರ ಬಂದಂತೆ ದೊಡ್ಡ ತೊಡಕು ಕಾಣಿಸಿತು. ಮಗು ಇನ್ನೂ ಎದೆಹಾಲು ಬಿಟ್ಟಿರಲಿಲ್ಲ. ಬೆಳಗ್ಗೆ ಹೋದರೆ ಸಂಜೆಯ ತನಕ ಅದು ಇರುವುದು ಹೇಗೆ? ಅತ್ತಿಗೆ, "ಈ ವರ್ಷ ಬೇಡ ಬಿಡು ಅಮ್ಮಣ್ಣಿ, ಮಗು ದೊಡ್ಡದಾಗ್ಲಿ" ಎಂದಳು. ಆ ಮಾತು ಹೇಳಿ ಪುಸ್ತಕಗಳನ್ನು ಜೋಡಿಸಿಡಲು ಶುರುಮಾಡಿದಳು. ಒಲೆಯ ಮುಂದೆ ಕೂತಿದ್ದ ಅಮ್ಮ ತಿರುಗಿ ನೋಡಿದಳು.

"ಮಗೂನ ನಾನ್ ಎತ್ಕೊಂಡ್ ಬತ್ತೀನಿ. ನೀನ್ ಒಳಗ್ ಬರಿ. ನಾನ್ ಹೊರಗ್ ಕೂತಿರ್ತೀನಿ."

ಹಾಗೆಯೇ ಆಯಿತು. ಪರೀಕ್ಷೆಯ ದಿನಗಳಲ್ಲಿ ಬೆಳಗ್ಗೆ ಗಾಡಿಯಲ್ಲಿ ನಾವೆಲ್ಲ ಹೊರಡುತ್ತಿದ್ದೆವು. ಅಣ್ಣ ಆ ದಿನಗಳಲ್ಲಿ ಗಾಡಿಗೆ ಸೊಪ್ಪು ಕಡಿಮೆ ಏರಿಸಿ, ಹುಲ್ಲಿನ ಮೇಲೆ ಕಂಬಳಿ ಹಾಸಿಕೊಡುತ್ತಿದ್ದ. ಪರೀಕ್ಷೆ ನಡೆಯುತ್ತಿದ್ದ ಶಾಲೆಯ ಗೇಟಿನ ಎದುರಿಗೆ ಒಂದು ಗುಲ್‌ಮೊಹರ್ ಮರ. ಅದರ ಕೆಳಗೆ ಅಮ್ಮ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂರುತ್ತಿದ್ದಳು. ಮಧ್ಯಾಹ್ನದ ಬಿಡುವಿನಲ್ಲಿ ಅತ್ತಿಗೆ ಓಡಿ ಬಂದು ಮಗುವಿಗೆ ಹಾಲು ಕೊಡುವಾಗ ಅಮ್ಮ ಅವಳ ಬಾಯಿಗೆ ಮುದ್ದೆಯ ತುತ್ತುಗಳನ್ನು ಇಡುತ್ತಿದ್ದಳು. ನಾನು ಕಾಲೇಜಿಗೆ ಚಕ್ಕರ್ ಹೊಡೆದು ಪಕ್ಕದಲ್ಲಿ ನಿಂತು ಸಂಜೆಯ ಪ್ರಶ್ನೆಪತ್ರಿಕೆಯ ಪಾಠವನ್ನು ಅವಳಿಗೆ ನೆನಪಿಸುತ್ತಿದ್ದೆ. ಮೊದಲ ದಿನ ಗೇಟಿನ ಜವಾನ ಬಂದು, "ಇಲ್ಲಿ ಕೂರೋ ಹಾಗಿಲ್ಲಮ್ಮ, ಪರೀಕ್ಷೆ ನಡೀತಾ ಇದೆ" ಎಂದ.

ಅಮ್ಮ ತಲೆಯೆತ್ತಿ, "ಗೊತ್ತಪ್ಪ. ನಮ್ ಸೊಸೆ ಒಳಗೆ ಪರೀಕ್ಷೆ ಬರೀತಾವ್ಳೆ" ಎಂದಳು. ಜವಾನ ಮಗುವನ್ನು ನೋಡಿದ, ಅಮ್ಮನನ್ನು ನೋಡಿದ. ಮರುದಿನ ಅಮ್ಮ ಕೂರುವ ಜಾಗದಲ್ಲಿ ಅವನೇ ಒಂದು ಬೆಂಚು ತಂದು ಹಾಕಿದ್ದ.

ಆ ಸಲ ಅತ್ತಿಗೆ ಲೆಕ್ಕದಲ್ಲಿ ಫೇಲಾದಳು. ಉಳಿದೆಲ್ಲದರಲ್ಲೂ ಪಾಸು. ಸುದ್ದಿಯನ್ನು ನಾನೇ ಹೇಳಿದೆ. ಅವಳು ಕೇಳಿಸಿಕೊಂಡು ತಲೆಯಾಡಿಸಿ, ಮಗುವಿನ ಬಟ್ಟೆಗಳನ್ನು ಒಗೆಯುವ ಕಲ್ಲಿಗೆ ತೆಗೆದುಕೊಂಡು ಹೋದಳು. ಅಲ್ಲಿ ಬಹಳ ಹೊತ್ತು ನೀರಿನ ಸದ್ದು ಕೇಳಿಸಿತೇ ಹೊರತು ಬಟ್ಟೆ ಒಗೆಯುವ ಸದ್ದು ಕೇಳಿಸಲಿಲ್ಲ. ಅಮ್ಮ ಹೋಗಿ ಅವಳ ಪಕ್ಕದಲ್ಲಿ ನಿಂತಳು.

"ಇನ್ನೊಂದ್ ಸಲ ಬರಿಯಂಗಿಲ್ವಂತಾ?"

"ಐತೆ ಅತ್ತೆ. ಸೆಪ್ಟೆಂಬರಲ್ಲಿ."

"ಮತ್ಯಾಕ್ ಅಳ್ತೀಯ? ಬರಿ. ಆ ಬೆಂಚು ಅಲ್ಲೇ ಇರ್ತದೆ."

ಆ ಬೇಸಿಗೆ, ಆ ಮಳೆಗಾಲ ಅತ್ತಿಗೆ ಲೆಕ್ಕವನ್ನು ಬಿಡದೆ ಹಿಡಿದಳು. ಪರೀಕ್ಷೆಯಲ್ಲಿ ಗಾಬರಿಯಾಗಿ ಹೊತ್ತು ಸಾಲಲಿಲ್ಲ ಎಂದು ಗೊತ್ತಾದ ಮೇಲೆ ಟೀಚರು ಒಂದು ಅಭ್ಯಾಸ ಹಾಕಿಕೊಟ್ಟರು: ಮಗು ಮಲಗಿದ ತಕ್ಷಣ ಕೂರಬೇಕು, ಅದು ಏಳುವುದರೊಳಗೆ ಹಿಡಿದ ಲೆಕ್ಕ ಮುಗಿಯಬೇಕು. ಮಗು ಒಂದೊಂದು ದಿನ ಬೇಗ ಏಳುವುದು, ಒಂದೊಂದು ದಿನ ಗಂಟೆಗಟ್ಟಲೆ ಮಲಗುವುದು. ಅದು ಎದ್ದು ಅತ್ತರೆ ಅಮ್ಮ ಓಡಿಬಂದು ಎತ್ತಿಕೊಂಡು ಹಿತ್ತಲಿಗೆ ಹೋಗುವಳು, "ತಡಿ ತಡಿ, ನಿಮ್ಮವ್ವಂದು ಇನ್ನೂ ಎರಡ್ ಸಾಲೈತೆ" ಎನ್ನುತ್ತ.

ಸೆಪ್ಟೆಂಬರಿನಲ್ಲಿ ಅವಳು ಪಾಸಾದಳು.

ಆಮೇಲೆ ಏನಾಯಿತು ಎಂದು ಕೇಳುವವರಿಗೆ ಹೇಳಲು ದೊಡ್ಡ ಸಂಗತಿಗಳಿಲ್ಲ. ಅವಳು ಕೆಲಸಕ್ಕೆ ಸೇರಲಿಲ್ಲ. ಊರಿನಿಂದ ಹೈಸ್ಕೂಲಿಗೆ ಹೋಗುವ ಹುಡುಗಿಯರು ಒಬ್ಬೊಬ್ಬರಾಗಿ ಹೆಚ್ಚಿದರು. ಸಂಜೆಯಾದರೆ ಅವರೆಲ್ಲ ನಮ್ಮ ಹಿತ್ತಲಿಗೆ ಬರುತ್ತಿದ್ದರು. ಅತ್ತಿಗೆ ಕೆಲಸ ಮಾಡುತ್ತಲೇ ಇರುವಳು, ಅವರು ಸೊಪ್ಪು ಬಿಡಿಸುತ್ತ ಅವಳಿಗೆ ಪಾಠ ಒಪ್ಪಿಸುವರು. ನಾನು ಮದುವೆಯಾಗಿ ಗಾಂಧಿಬಜಾರಿನ ಆಚೆಯ ಶ್ರೀನಗರಕ್ಕೆ ಹೋದ ಮೇಲೂ ತವರಿಗೆ ಬಂದಾಗಲೆಲ್ಲ ಹಿತ್ತಲ ತುಂಬ ಹುಡುಗಿಯರು. ಹೊಲಗಳು ಹೋಗಿ ಸೈಟುಗಳಾದವು, ಎಮ್ಮೆ ಕಟ್ಟುವ ಜಾಗದಲ್ಲಿ ಬಾಡಿಗೆ ಮನೆ ಬಂತು. ಅವಳ ಮಗ ಓದಿ ಡಾಕ್ಟರಾದ. ಅವನಿಗೆ ಹಿಂದಿ ಬಹಳ ಚೆನ್ನಾಗಿ ಬರುತ್ತದೆ.

ಆದರೆ ಆ ದಿನಗಳನ್ನು ನೆನೆದರೆ ನನ್ನ ಕಣ್ಣಿಗೆ ಬರುವುದು ಅತ್ತಿಗೆ ಪಾಸಾದ ವಾರದ ಒಂದು ಮಧ್ಯಾಹ್ನ. ಅಣ್ಣ ಬಜಾರಿನಿಂದ ಬಂದವನೇ, "ಎಲ್ರೂ ಹೊರಡಿ, ಫೋಟೋ ತೆಗಿಸ್ಕೊಂಡ್ ಬರೋಣ" ಎಂದ. ಮದುವೆಯಲ್ಲೂ ಅವರು ಫೋಟೋ ತೆಗೆಸಿರಲಿಲ್ಲ. ಅಮ್ಮ ರೇಷ್ಮೆ ಸೀರೆ ಉಟ್ಟಳು. ಗಾಂಧಿಬಜಾರಿನ ಸ್ಟುಡಿಯೋದಲ್ಲಿ ಬಣ್ಣದ ಪರದೆಯ ಮುಂದೆ ನಮ್ಮನ್ನೆಲ್ಲ ಕೂರಿಸಿದರು: ನಡುವೆ ಅತ್ತಿಗೆ, ಅವಳ ಮಡಿಲಲ್ಲಿ ಮಗು, ಒಂದು ಕಡೆ ಅಮ್ಮ, ಇನ್ನೊಂದು ಕಡೆ ನಾನು. ಅಣ್ಣನನ್ನು ಕರೆದರೆ ಬರಲೇ ಇಲ್ಲ.

"ನಂದ್ ಬೇಡ. ಬಟ್ಟೆ ಎಲ್ಲಾ ಮಣ್ಣಾಗೈತೆ. ನೀವ್ ಕೂತ್ಕಳಿ."

"ನೀವೂ ಬನ್ನಿ" ಎಂದಳು ಅತ್ತಿಗೆ, ಎಲ್ಲರೆದುರು.

ಅವನು ತಲೆಯಾಡಿಸಿ ಕ್ಯಾಮೆರಾದ ಪಕ್ಕಕ್ಕೆ ಹೋಗಿ ನಿಂತ. ಫೋಟೋದವನು ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿ, ಎಲ್ಲರೂ ಇತ್ತ ನೋಡಿ, ಅಲುಗಾಡಬೇಡಿ ಎಂದ. ಮಗು ಅಳಲು ಬಾಯಿ ತೆರೆಯಿತು. ಆಗ ಅಣ್ಣ, ಹೊಲದಲ್ಲೂ ಮನೆಯಲ್ಲೂ ಹತ್ತು ಮಾತಿಗೆ ಒಂದು ಮಾತು ಆಡುವ ನಮ್ಮ ಅಣ್ಣ, ಹೆಗಲ ಟವೆಲನ್ನು ತಲೆಗೆ ಹೊದ್ದು, ಕಿವಿ ಹಿಡಿದು ಎಳೆದುಕೊಂಡು, ಎಮ್ಮೆಯ ಹಾಗೆ ಕೂಗಿದ.

ಫೋಟೋ ಈಗಲೂ ನನ್ನ ಹತ್ತಿರ ಇದೆ. ಅದರಲ್ಲಿ ಯಾರೊಬ್ಬರೂ ಕ್ಯಾಮೆರಾ ಕಡೆ ನೋಡುತ್ತಿಲ್ಲ. ನಾಲ್ಕು ಜನವೂ ಸ್ವಲ್ಪ ಬಲಕ್ಕೆ ತಿರುಗಿ, ಅವನು ನಿಂತಿದ್ದ ಜಾಗವನ್ನೇ ನೋಡುತ್ತಿದ್ದೇವೆ. ಅತ್ತಿಗೆ ನಗು ತಡೆಯಲು ಸೆರಗನ್ನು ಬಾಯಿಯ ತನಕ ಎತ್ತಿದ್ದಾಳೆ. ಅದು ಅಲ್ಲಿಗೆ ಮುಟ್ಟುವುದರೊಳಗೆ ಚಿತ್ರ ಬಿದ್ದಿದೆ.